ಓಡಿಸ್ಬೇಡ ಅಂದ ಡಾಕ್ಟರು

ಲಾಕ್‌ಡೌನಿನಲ್ಲಿ ಪರದೇಶದ ಸ್ವೋರ್ಡ್ಸ್ ಊರಿನ ಬಾಡಿಗೆ ಮನೆಯಲ್ಲಿ ನನ್ನ ಜೊತೆಗಿದ್ದ ಡಾಕ್ಟರು ಏನು ಕೇಳಿದರೂ, ಎಲ್ಲ ಚೆನ್ನಾಗಿದೆ ಅನ್ನಲು ಅಲ್ಲಿನವರು ಹೇಳುವಂತೆ, "ಗ್ರ್ಯಾಂಡ್ ಕಣಪ್ಪಾ" ಅನ್ನುತ್ತಿದ್ದರು. ಊರಲ್ಲಿ ಅವರ ಅಣ್ಣ ತೀರಿಕೊಂಡ ದಿನವೂ ಅದೇ ಮಾತು. ವಿಮಾನಗಳಿರಲಿಲ್ಲ. ಡ್ಯೂಟಿಗೆ ಹೋದರು, ಬಂದು ಸ್ನಾನ ಮಾಡಿದರು, ನನ್ನ ಪಕ್ಕ ಟೀವಿ ಮುಂದೆ ಕೂತರು.

ಅಮೆರಿಕದ ಬಯಲಿನಲ್ಲಿ ನೆಲೆ ಹುಡುಕಿ ಹೊರಟ ಗಾಡಿಗಳ ಸಿನಿಮಾ. ಹೊಡೆದಾಟವಿಲ್ಲ, ಬರೀ ನಡಿಗೆ, ಬಾಯಾರಿಕೆ. ದಾರಿಯಲ್ಲಿ ಸತ್ತವನೊಬ್ಬನಿಗೆ ಜೊತೆಯವರು ಗುಂಡಿ ತೋಡತೊಡಗಿದರು. ತೋಡಿದರು, ತೋಡುತ್ತಲೇ ಇದ್ದರು. ನಾನು ಬೇಸತ್ತು, ಮುಂದಕ್ಕೆ ಓಡಿಸಲು ರಿಮೋಟ್ ಎತ್ತಿಕೊಂಡೆ.

"ಓಡಿಸ್ಬೇಡ," ಎಂದರು. ಕೊನೆಯ ಹಿಡಿ ಮಣ್ಣು ಬೀಳುವವರೆಗೂ ಎದ್ದು ನಿಂತಿದ್ದರು. ಆಮೇಲೆ ಟವೆಲ್ ಹೆಗಲಿಗೆ ಹಾಕಿಕೊಂಡರು.

"ಆಗ್ಲೇ ಸ್ನಾನ ಆಯ್ತಲ್ಲ, ಡಾಕ್ಟ್ರೇ?"

"ಅದು ಆಸ್ಪತ್ರೇದು ಕಣಪ್ಪಾ. ಈಗ ಅಣ್ಣನ ಮಣ್ಣಿಗೆ ಹೋಗಿ ಬಂದ್ನಲ್ಲ."