ಸೂರತ್ತಿನ ಮಾಳಿಗೆಯಲ್ಲಿ ಮುಕ್ಕಾಲು ಗಂಟೆ

ಗುಜರಾತ್ ಪ್ರತ್ಯೇಕ ರಾಜ್ಯವಾಗಿ ಐದಾರು ವರ್ಷಗಳಾಗಿದ್ದವು. ಜನವರಿಯ ಕೊನೆಯಲ್ಲಿ ಅಹಮದಾಬಾದಿನಲ್ಲಿ ಇಳಿದಾಗ, ಸಂಕ್ರಾಂತಿಯ ಗಾಳಿಪಟಗಳು ತಂತಿಗಳಿಗೆ ಸಿಕ್ಕಿ ಅಲ್ಲಾಡದೆ ನೇತಾಡುತ್ತಿದ್ದವು. ಗಾಳಿಯಿಂದ ವಿದ್ಯುತ್ ತೆಗೆಯುವ ಯಂತ್ರವೊಂದನ್ನು ಪರೀಕ್ಷಿಸಲು ಬೆಂಗಳೂರಿನಿಂದ ಬಂದಿದ್ದ ನನಗೆ ಅದು ಒಳ್ಳೆಯ ಶಕುನವೆನಿಸಲಿಲ್ಲ. ಆಗಲೇ ಹಾಗೆನಿಸಿತೋ, ಈಗ ಬರೆಯುವಾಗ ಅನಿಸುತ್ತಿದೆಯೋ, ಖಚಿತವಿಲ್ಲ.

ಮರುದಿನ ಮೂರನೆಯ ದರ್ಜೆಯಲ್ಲಿ ವಡೋದರಕ್ಕೆ ಹೋದೆ, ನೂರು ಕಿಲೋಮೀಟರು. ಮಕರಪುರದ ಸಣ್ಣ ವರ್ಕ್‌ಶಾಪಿನಲ್ಲಿ ಧಾರವಾಡ ಕಡೆಯ ಮೆಕ್ಯಾನಿಕ್ ಗುರಪ್ಪ ಹಳೆಯ ಲಾರಿಯ ಡೈನಮೋಗೆ ತೇಗದ ರೆಕ್ಕೆ ಜೋಡಿಸಿ ಕಾಯುತ್ತಿದ್ದರು. ಕರೆಂಟಿಲ್ಲದ ಕರಾವಳಿ ಹಳ್ಳಿಗಳಿಗೆ ಅಂಥ ಹತ್ತು ಯಂತ್ರ ಮಾಡಿಸುವ ಯೋಚನೆ ನಮ್ಮ ಕಚೇರಿಗಿತ್ತು. ದೀಪ ಎಡೆಬಿಡದೆ ಒಂದು ಗಂಟೆ ಉರಿದರೆ ಆ ಕೆಲಸ ಅವರದು.

"ಬೀಸಣಿಗಿ ಮಾಡಾಕ ಎರಡು ವರ್ಷಾ ಬೇಕಾತೇನು ಅಂತಾಳ್ರಿ ನನ್ನ ಹೇಂತಿ," ಎಂದರು.

ಸಮುದ್ರ ಹತ್ತಿರವೆಂದು ಯಂತ್ರವನ್ನು ಸೂರತ್ತಿಗೆ ಒಯ್ದು, ಉಡುಪಿ ಕಡೆಯ ಭಟ್ಟರ ಹೋಟೆಲಿನ ಮಾಳಿಗೆಯ ಮೇಲೆ ಕಂಬ ನೆಟ್ಟು ನಿಲ್ಲಿಸಿದೆವು. ಎರಡು ದಿನ ಗಾಳಿಯೇ ಇಲ್ಲ. ಇಡ್ಲಿ ತಿಂದು ರೆಕ್ಕೆ ನೋಡುತ್ತ ಕೂತೆವು. ಮೂರನೆಯ ಸಂಜೆ ಸಮುದ್ರದ ಕಡೆಯಿಂದ ಗಾಳಿ ಎದ್ದಿತು. ರೆಕ್ಕೆ ತಿರುಗಿ, ತಂತಿ ಎಳೆದು ಹಿತ್ತಿಲಿನಲ್ಲಿ ಕಟ್ಟಿದ್ದ ದೀಪ ಹತ್ತಿತು. ಇಬ್ಬರೂ ಅದನ್ನೇ ನೋಡುತ್ತ ನಿಂತೆವು. ಆರಿದ ಮೇಲೆ ವಾಚು ನೋಡಿಕೊಂಡೆ. ಹತ್ತಿದ ಹೊತ್ತನ್ನು ಬರೆದುಕೊಂಡಿರಲಿಲ್ಲ.

"ಒಂದೂವರಿ ತಾಸರ ಉರದೈತ್ರಿ," ಎಂದರು ಗುರಪ್ಪ. ನನಗೂ ಗಂಟೆ ದಾಟಿದ ನೆನಪು. ಆದರೆ ಸಂತೋಷವಾದಾಗಿನ ನನ್ನ ನೆನಪನ್ನು ನಾನು ನಂಬುವುದಿಲ್ಲ.

ಹಿತ್ತಿಲಲ್ಲಿ ರುಬ್ಬುಗಲ್ಲು ತೊಳೆಯುತ್ತಿದ್ದ ಭಟ್ಟರ ಹೆಂಡತಿ ಶಾರದಕ್ಕ ತಲೆಯೆತ್ತಿದರು. "ಎಂತ ಒಂದೂವರೆ? ನಾನು ಉದ್ದು ಕಲ್ಲಿಗೆ ಹಾಕುವಾಗ ದೀಪ ಬಂತು, ಹಿಟ್ಟು ತೆಗೆಯುವಾಗ ಹೋಯಿತು. ಇಷ್ಟು ಉದ್ದಿಗೆ ದಿನಾ ಮುಕ್ಕಾಲು ಗಂಟೆ."

"ಇವತ್ತ ಸಾವಕಾಶ ರುಬ್ಬೀರಿ ಕಾಣ್ತೈತ್ರಿ ಅಕ್ಕಾರ."

"ಬೆಳಕಿತ್ತಲ್ಲ ಮಾರಾಯ್ರೆ, ಬೇಗವೇ ಆಯಿತು."

ವರದಿಯಲ್ಲಿ ಮುಕ್ಕಾಲು ಗಂಟೆ ಎಂದು ಬರೆದೆ. ಗುರಪ್ಪನವರ ಮುಖ ನೋಡಿಯೋ ಏನೋ, ಶಾರದಕ್ಕ ಮೆಲ್ಲಗೆ, "ಮೇ ತಿಂಗಳಲ್ಲಿ ಬನ್ನಿ. ಆಗ ಮಾಳಿಗೆಯಲ್ಲಿ ಕಲ್ಲಿಡದಿದ್ದರೆ ಹಪ್ಪಳ ಹಾರಿ ಬೀದಿಗೆ ಹೋಗ್ತದೆ," ಎಂದರು. ಮೇ ತಿಂಗಳಲ್ಲಿ ಮತ್ತೆ ಪರೀಕ್ಷಿಸಬೇಕೆಂದು ಸೇರಿಸಿದೆ. ಅದು ಹಪ್ಪಳದ ಸಾಕ್ಷ್ಯಕ್ಕೋ, ಗುರಪ್ಪನವರ ಮೇಲಿನ ಕರುಣೆಗೋ ಎಂದು ಈಗಲೂ ಕೇಳಿಕೊಳ್ಳುತ್ತೇನೆ.

ಬೆಳಿಗ್ಗೆ ಮುಂಬಯಿ ಕಡೆಯ ರೈಲಿಗೆ ಹೊರಟೆ. ಟಾಂಗಾ ತಿರುಗುವಲ್ಲಿ ಒಮ್ಮೆ ಹಿಂತಿರುಗಿ ನೋಡಿ, ಈ ಸಲ ಅಲ್ಲೇ ಬರೆದುಕೊಂಡೆ: ಏಳು ಗಂಟೆ ಹತ್ತು ನಿಮಿಷ. ಗಾಳಿಯಿಲ್ಲ. ಗುರಪ್ಪ ಮಾಳಿಗೆಯ ಮೇಲೆ ಕಂಬ ಎತ್ತರಿಸಲು ಅಳತೆ ತೆಗೆಯುತ್ತಿದ್ದಾರೆ.