ಬೆಕ್ಕಿಗೆ ಅಮ್ಮ ಬಂದದ್ದು

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುತ್ತಿದ್ದೆ. ವಾಸ ನಾಗಸಂದ್ರದ ಒಂದು ವಠಾರದಲ್ಲಿ, ಒಂದೇ ಕೋಣೆ, ಒಬ್ಬಳೇ. ಬೆಳಿಗ್ಗೆ ಆರಕ್ಕೆ ಪಾಳಿ. ಮಧ್ಯಾಹ್ನ ಮನೆಗೆ ಬರುವ ಹೊತ್ತಿಗೆ ಬೆರಳುಗಳು ನನ್ನವಲ್ಲ ಅನ್ನಿಸುತ್ತಿತ್ತು. ಆ ವರ್ಷಗಳನ್ನು ನೆನೆದರೆ ಮೊದಲು ನೆನಪಾಗುವುದು ದಣಿವು. ಆಮೇಲೆ ಬೆಕ್ಕು.

ಅದು ನಾನು ತಂದು ಸಾಕಿದ್ದಲ್ಲ. ಹಿಂದಿನ ಬಾಡಿಗೆಯವರು ಬಿಟ್ಟುಹೋದ ಬೂದು ಬಣ್ಣದ ಹೆಣ್ಣು ಬೆಕ್ಕು, ಕೋಣೆಯ ಜೊತೆಗೇ ಬಂತು. ಪಾಳಿ ಮುಗಿಸಿ ಬಂದರೆ ಬಾಗಿಲಲ್ಲಿ ಕೂತಿರುತ್ತಿತ್ತು. ಆ ಊರಲ್ಲಿ ನನ್ನ ದಾರಿ ಕಾಯುವ ಜೀವ ಅದೊಂದೇ. ಅದು ನನಗೆ ಬೇಕಾಗಿತ್ತು, ತುಂಬ ಬೇಕಾಗಿತ್ತು. ಹಾಗೆಂದು ಯಾರಿಗಾದರೂ ಹೇಳಲು ನಾಚಿಕೆ.

ಒಂದು ಬೇಸಿಗೆಯಲ್ಲಿ ಬೆಕ್ಕು ತಿನ್ನುವುದು ಬಿಟ್ಟಿತು. ಮೈ ಕಾದಿತ್ತು, ಒಸಡು ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು, ಕುತ್ತಿಗೆಯ ಕೂದಲಡಿಯಲ್ಲಿ ಸಣ್ಣ ಸಣ್ಣ ಗುಳ್ಳೆ. ವಠಾರದ ಒಡತಿ ಅಜ್ಜಿ ಬಂದು ನೋಡಿದರು. ಅವರದು ಊರಿನ ಹಳೇ ಒಕ್ಕಲು ಮನೆತನ. ಹೊಲವಿದ್ದ ಜಾಗದಲ್ಲಿ ಈಗ ನಮ್ಮಂಥವರ ಕೋಣೆಗಳು. ಮುಖದ ತುಂಬ ಸಿಡುಬಿನ ಕಲೆ. ಚಿಕ್ಕಂದಿನಲ್ಲಿ ಸಿಡುಬಾಗಿ ಉಳಿದುಕೊಂಡವರಂತೆ. ಆಮೇಲೆ ಊರಲ್ಲಿ ಯಾರಿಗೆ ಸಿಡುಬಾದರೂ ಹತ್ತಿರ ಕೂತು ಆರೈಕೆ ಮಾಡಲು ಅವರನ್ನೇ ಕರೆಯುತ್ತಿದ್ದರು. ಒಮ್ಮೆ ಅಮ್ಮ ಬಂದು ಹೋದ ಮೈಗೆ ಮತ್ತೆ ಬರುವುದಿಲ್ಲ ಎಂಬ ಧೈರ್ಯದಲ್ಲಿ ಅವರು ಎಷ್ಟೋ ಮಕ್ಕಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು.

ಗುಳ್ಳೆಗಳನ್ನು ಸವರಿ ನೋಡಿ, "ಅಮ್ಮ ಬಂದವ್ಳೆ ಕಣಮ್ಮ" ಅಂದರು.

ಬೆಕ್ಕಿಗೂ ಬರುತ್ತಾಳೆಯೇ ಎಂದು ಕೇಳಿದೆ. ಅವಳಿಗೆ ಮನುಷ್ಯರೇನು, ಬೆಕ್ಕೇನು ಎಂದರು. ನನ್ನ ಬಾಗಿಲಿಗೆ ಬೇವಿನ ಸೊಪ್ಪು ಬಂತು. ಅಮ್ಮ ಇರುವಷ್ಟು ದಿನ ವಠಾರದಲ್ಲಿ ಯಾರೂ ಒಗ್ಗರಣೆ ಹಾಕಬಾರದು ಎಂದು ಅಪ್ಪಣೆಯಾಯಿತು. ಒಡತಿಯ ಮಾತು ಮೀರುವವರಾರು? ಒಂದು ಬೆಕ್ಕಿನ ದೆಸೆಯಿಂದ ಆರು ಸಂಸಾರಗಳು ಸಪ್ಪೆ ಸಾರು ಉಂಡವು. ಪಕ್ಕದ ಕೋಣೆಯವನು ನನ್ನನ್ನು ಕಂಡಾಗಲೆಲ್ಲ, ದೇವರು ಈಗ ಹೇಗಿದ್ದಾರೆ ಎಂದು ವಿಚಾರಿಸುತ್ತಿದ್ದ.

ಅಮ್ಮ ಇರುವಾಗ ಔಷಧಿ ಕೊಡಬಾರದು ಎಂಬುದೂ ಒಂದು ಕಟ್ಟಳೆ. ಆದರೂ ಒಂದು ದಿನ ರಜೆ ಹಾಕಿ, ಅಜ್ಜಿಗೆ ಗೊತ್ತಾಗದ ಹಾಗೆ ಬೆಕ್ಕನ್ನು ಚೀಲದಲ್ಲಿಟ್ಟುಕೊಂಡು ದನದ ಆಸ್ಪತ್ರೆಗೆ ಹೋದೆ. ಚಿಕ್ಕ ವಯಸ್ಸಿನ ಡಾಕ್ಟರು. ಕಿವಿಯಿಂದ ಒಂದು ಹನಿ ರಕ್ತ ತೆಗೆದು, ಗಾಜಿನ ಮೇಲೆ ಸವರಿ, ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿದರು. ಗುಳ್ಳೆ ಬರೀ ಚಿಗಟ ಕಚ್ಚಿದ್ದು, ಆದರೆ ಆ ಚಿಗಟದಿಂದಲೇ ರೋಗಾಣು ಹೊಕ್ಕು ರಕ್ತದ ಕಣಗಳಿಗೆ ಅಂಟಿಕೊಂಡಿದೆ ಎಂದರು. ಇಪ್ಪತ್ತೊಂದು ದಿನಕ್ಕೆ ಮಾತ್ರೆ ಬರೆದರು.

"ವಾಸಿಯಾದಂಗೆ ಕಾಣುತ್ತೆ, ಆಗ ನಿಲ್ಲಿಸ್ಬೇಡಿ. ಒಂದ್ಸಲ ಬಂದ್ರೆ ಮತ್ತೆ ಬರಲ್ಲ ಅನ್ನೋ ಜಾತಿ ಅಲ್ಲ ಇದು. ರಕ್ತದಲ್ಲೇ ಸ್ವಲ್ಪ ಉಳ್ಕೊಂಡಿರುತ್ತೆ. ಮೈಯಲ್ಲಿ ತಾಕತ್ತಿರೋವರೆಗೂ ಸುಮ್ನಿರುತ್ತೆ, ದಣಿದ್ರೆ ಮತ್ತೆ ಏಳುತ್ತೆ."

ದಿನಕ್ಕೆ ಮೂರು ಸಲ ಬೆಕ್ಕಿನ ಬಾಯಿ ಬಿಡಿಸಿ ಮಾತ್ರೆ ನುಂಗಿಸುವುದೆಂದರೆ ಏನೆಂದು ಮಾಡಿದವರಿಗೇ ಗೊತ್ತು. ನುಂಗಿದ ಹಾಗೆ ನಟಿಸಿ, ನಾನು ಕೈ ತೊಳೆಯುವಷ್ಟರಲ್ಲಿ ಮೂಲೆಗೆ ಹೋಗಿ ಉಗುಳುತ್ತಿತ್ತು. ಮತ್ತೆ ಹಿಡಿ, ಮತ್ತೆ ಬಾಯಿ ಬಿಡಿಸು. ಅದೂ ಬಾಗಿಲು ಹಾಕಿಕೊಂಡು, ಅಜ್ಜಿಗೆ ಕೇಳದ ಹಾಗೆ. ಮೊಣಕೈವರೆಗೂ ಪರಚಿದ ಗೆರೆಗಳು. ಕೆಲಸದಲ್ಲಿ ಸುತ್ತಿದ ತಂತಿಗೆ ಬಳಿಯುವ ವಾರ್ನಿಷ್ ಅದಕ್ಕೆ ತಾಗಿದರೆ ಕಣ್ಣಲ್ಲಿ ನೀರು ಬರುತ್ತಿತ್ತು.

ಹತ್ತು ದಿನ ಕಳೆಯುವಷ್ಟರಲ್ಲಿ ಬೆಕ್ಕು ಮೀನಿನ ತಲೆ ತಿಂದು ಗೋಡೆ ಹತ್ತಿತು. ಅಜ್ಜಿ ಬೇವು ಅರಿಶಿನದ ನೀರನ್ನು ಅದರ ತಲೆಗೆ ಚಿಮುಕಿಸಿ, ಮಾರಮ್ಮನಿಗೆ ಮೊಸರನ್ನದ ಎಡೆ ಇಟ್ಟರು. "ಅಮ್ಮ ಇಳಿದ್ಲು. ಇನ್ನು ಇದ್ಕೆ ಭಯ ಇಲ್ಲ ಬುಡು" ಎಂದರು. ಅವತ್ತು ಆರು ಮನೆಗಳಲ್ಲೂ ಸಾಸಿವೆ ಸಿಡಿಯಿತು.

ಮರುದಿನದಿಂದ ನಾನು ಮಾತ್ರೆ ನಿಲ್ಲಿಸಿದೆ. ಅಜ್ಜಿಯ ಮಾತು ನಂಬಿ ಅಲ್ಲ. ಡಾಕ್ಟರು ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿತ್ತು. ನನಗೆ ಸಾಕಾಗಿತ್ತು, ಅಷ್ಟೆ. ಅಮ್ಮ ಇಳಿದಳು ಎಂದು ಯಾರೋ ಹೇಳಿದರು, ದಣಿದವಳಿಗೆ ಅದು ಅನುಕೂಲವಾಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಬೆಕ್ಕು ನಾಲ್ಕು ಮರಿ ಹಾಕಿತು. ಹಾಲೂಡಿಸಿ ಊಡಿಸಿ ಎರಡು ವಾರಕ್ಕೆ ಸೊರಗಿಹೋಯಿತು. ಮತ್ತೆ ಜ್ವರ, ಮತ್ತೆ ಬಿಳಿಚಿದ ಒಸಡು. ಮತ್ತೆ ಅದೇ ಡಾಕ್ಟರ ಹತ್ತಿರ ಹೋದೆ. ಹೋದ ಸಲ ಇಪ್ಪತ್ತೊಂದು ದಿನವೂ ಮಾತ್ರೆ ಕೊಟ್ಟಿದ್ದಿರಾ ಎಂದು ಕೇಳಿದರು.

"ಕೊಟ್ಟೆ ಸಾರ್" ಅಂದೆ.

ಅವರು ನಂಬಿದರು, ಸೂಜಿ ಚುಚ್ಚಿ ಕಳಿಸಿದರು. ಮೂರನೆಯ ದಿನ ಪಾಳಿ ಮುಗಿಸಿ ಬಂದಾಗ ಬೆಕ್ಕು ಸತ್ತಿತ್ತು. ಮರಿಗಳು ಇನ್ನೂ ಮೊಲೆ ಚೀಪುತ್ತಿದ್ದವು. ಪೂರ್ತಿ ಮಾತ್ರೆ ಕೊಟ್ಟಿದ್ದರೂ ಉಳಿಯುತ್ತಿತ್ತೆಂದು ಹೇಳಲಾಗದು, ರೋಗಾಣು ಪೂರ್ತಿ ಹೋಗುವುದಿಲ್ಲವೆಂದು ಅವರೇ ಹೇಳಿದ್ದರಲ್ಲ. ಈ ಸಮಾಧಾನವನ್ನು ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಮನಸ್ಸು ಒಪ್ಪುವುದಿಲ್ಲ.

ಹಿತ್ತಲಲ್ಲಿ ಗುಂಡಿ ತೋಡಿಸಿದವರು ಅಜ್ಜಿಯೇ. ಮಣ್ಣು ಮುಚ್ಚಿದ ಮೇಲೆ ಏಳದೆ ಅಲ್ಲೇ ಕೂತುಬಿಟ್ಟರು. ಒಮ್ಮೆ ಬಂದ ಮೈಗೆ ಅಮ್ಮ ಮತ್ತೆ ಬರುವುದಿಲ್ಲ ಎಂಬುದನ್ನು ಜೀವಮಾನವಿಡೀ ನಂಬಿ ಬದುಕಿದ ಹೆಂಗಸು. ಆ ಮಾತು ಸುಳ್ಳಾಗುವುದನ್ನು ಅವರಿಂದ ಒಪ್ಪಲಾಗಲಿಲ್ಲ. ನನ್ನ ಕೈ ಹಿಡಿದುಕೊಂಡರು.

"ಅವ್ಳು ಮಾತು ತಪ್ಪೋಳಲ್ಲ. ನಾನೇ ಎಡೆ ಇಕ್ಕೋವಾಗ ಏನೋ ಮೈಲಿಗೆ ಮಾಡಿವ್ನಿ. ನಿನ್ ಬೆಕ್ಕು ನನ್ ಕೈಯಾರೆ ಓಯ್ತು ಕಣಮ್ಮ. ಒಟ್ಟೆಗಾಕ್ಕೋ."

ಮಾತ್ರೆಯ ವಿಷಯ ಹೇಳಬಹುದಾಗಿತ್ತು. ಎರಡು ಮಾತು ಸಾಕಿತ್ತು. ಬಿಡಿ ಅಜ್ಜಿ, ಆದದ್ದು ಆಯಿತು ಎಂದೆ. ಅವರನ್ನು ನಾನು ಕ್ಷಮಿಸಿದೆ.