ಪಕ್ಕದ ಮನೆ ರಬ್ಬಿಯ ಪ್ರಶ್ನೆ

ಇಂದು ಸಂಜೆ ನನ್ನ ಮೂಗು ಮತ್ತೆ ಕೆಲಸಕ್ಕೆ ಹಾಜರಾಯಿತು. ಕೋವಿಡ್ ನೆಪದಲ್ಲಿ ಆರು ದಿನ ರಜೆ ಹಾಕಿತ್ತು. ಮಹಡಿಯ ಕೋಣೆಯ ಬಾಗಿಲಲ್ಲಿ ಹೆಂಡತಿ ಇಂಗಿನ ಒಗ್ಗರಣೆಯ ಸಾರು ಇಟ್ಟು ಹೋದಾಗಲೂ ಮಿಸುಕದ ಮೂಗು, ಪಕ್ಕದ ಮನೆಯ ಕೋಳಿ ಸೂಪಿನ ವಾಸನೆಗೆ ಎದ್ದು ಕೂತಿತು. ಹುಟ್ಟಾ ಸಸ್ಯಾಹಾರಿಯ ಮೂಗು ಹೀಗೆ ಮಾಡಬಹುದೇ? ನೀವು ಯಾರಿಗೂ ಹೇಳುವುದಿಲ್ಲವೆಂದು ನಂಬಿ ಹೇಳುತ್ತಿದ್ದೇನೆ, ಹೆಂಡತಿಗಿನ್ನೂ ಹೇಳಿಲ್ಲ.

ಐರಿಷ್ ಊರಾದ ಲೂಕನ್ನಿನಲ್ಲಿ ನಮ್ಮದು ಜೋಡಿಮನೆ, ನಡುವೆ ಒಂದೇ ಗೋಡೆ. ಆಚೆ ಬದಿಯಲ್ಲಿ ಒಬ್ಬ ರಬ್ಬಿ, ಎಂದರೆ ಯಹೂದಿಗಳ ಗುರು, ಮತ್ತು ಅವರ ಹೆಂಡತಿ ಮಿರಿಯಂ ಇದ್ದರು. ಅವರದು ಪುಟ್ಟ ಬಳಗ. ಶುಕ್ರವಾರ ಸಂಜೆ ಅವರ ನಡುಮನೆಯಲ್ಲೇ ಪ್ರಾರ್ಥನೆ. ಹತ್ತು ಯಹೂದಿಗಳು ಸೇರದೆ ಕೆಲವು ಪ್ರಾರ್ಥನೆಗಳನ್ನು ಹೇಳುವಂತಿಲ್ಲ. ಹಾಗೆಂದು ತಲೆ ಎಣಿಸುವಂತೆಯೂ ಇಲ್ಲ! ಮನುಷ್ಯರನ್ನು ಒಂದು, ಎರಡು ಎಂದು ಎಣಿಸುವುದು ಅವರಲ್ಲಿ ಒಳ್ಳೆಯದಲ್ಲವಂತೆ. ರಾಗಿ ಅಳೆಯುವಾಗ ಮೊದಲ ಸೇರಿಗೆ ‘ಒಂದು’ ಎನ್ನದೆ ‘ಲಾಭ’ ಎನ್ನುತ್ತಿದ್ದ ಅಜ್ಜಿಯ ಮೊಮ್ಮಗನಾದ ನನಗೆ ಇದೇನೂ ವಿಚಿತ್ರವೆನಿಸಲಿಲ್ಲ.

ರಬ್ಬಿ ಸುತ್ತ ಒಮ್ಮೆ ಕಣ್ಣು ಹಾಯಿಸಿ, “ಯಾರು ಬಂದಿಲ್ಲ?” ಎಂದು ಕೇಳುತ್ತಿದ್ದರು. ಹೆಸರು ಸಿಕ್ಕಿದ್ದೇ ತಡ, ಫೋನು. ನೆಗಡಿಯೆಂದರೆ ಅವರ ಮನೆಗೆ ಸೂಪು ಹೋಗುತ್ತಿತ್ತು, ಸೋಮಾರಿತನವೆಂದರೆ ಬೈಗುಳ. ಅಷ್ಟು ಹೊತ್ತು ಕಾಯುವವರಿಗೆ ಚಹಾ ಮಾಡುವವನು ನಾನು. “ನೀನು ನಮ್ಮ ಹತ್ತರಲ್ಲಿ ಸೇರಲ್ಲಪ್ಪ. ಆದ್ರೆ ನಿನ್ನ ಚಹಾ ಇಲ್ದಿದ್ರೆ ಉಳಿದೋರು ಕಾಯೋದೂ ಇಲ್ಲ” ಎಂದು ನಗುತ್ತಿದ್ದರು. ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬ ಆ ಪದವಿ ನನಗೆ ಹಿತವಾಗಿಯೇ ಇತ್ತು.

ಪಿಡುಗಿನ ಮೊದಲ ವಸಂತದಲ್ಲೇ ರಬ್ಬಿ ಹೋದರು. ಅಂತ್ಯಕ್ರಿಯೆಗೆ ಹತ್ತೇ ಜನ ಎಂದು ಆಗ ಕಟ್ಟಳೆ. “ನೋಡು, ಸರ್ಕಾರಕ್ಕೂ ನಮ್ಮ ಪದ್ಧತಿ ಗೊತ್ತಾಯ್ತು” ಎಂದು ಮಿರಿಯಂ ಅಳುತ್ತಲೇ ನಕ್ಕರು. ಸ್ಮಶಾನದ ಗೇಟಿನಾಚೆ ನಿಂತಿದ್ದ ನನಗೆ ಅಳು ತಡೆಯಲಾಗಲಿಲ್ಲ.

ಪ್ರಾರ್ಥನೆ ವಿಡಿಯೋ ಕಾಲಿಗೆ ಬಂತು. ಪರದೆಯ ಮೇಲೆ ಸೇರುವುದನ್ನು ಒಪ್ಪದ ಯಹೂದಿಗಳೂ ಇದ್ದಾರೆ. ಈ ಬಳಗ ಒಪ್ಪಿತು. ಸಾಫ್ಟ್‌ವೇರಿನವನಲ್ಲವೇ, ಅದರ ಪೌರೋಹಿತ್ಯ ನನಗೇ ಬಂತು. ರಬ್ಬಿ ತೀರಿಕೊಂಡು ವರ್ಷ ತುಂಬಿದ ಶುಕ್ರವಾರ, ಅವರಿಗಾಗಿ ಮಿರಿಯಂ ಹೇಳಬೇಕಾದ ಪ್ರಾರ್ಥನೆಗೆ ಹತ್ತು ಜನ ಬೇಕೇ ಬೇಕಿತ್ತು. ಪರದೆಯ ಮೂಲೆ ಹಿಂದಿನ ವಾರದಂತೆಯೇ ‘10’ ಎಂದು ತೋರಿಸುತ್ತಿತ್ತು. ಎಣಿಸಿದ ಪಾಪ ಕಂಪ್ಯೂಟರಿನದು, ನಮ್ಮದಲ್ಲ ಎಂದುಕೊಂಡು, “ಹತ್ತಿದೆ, ಶುರು ಮಾಡಿ” ಎಂದುಬಿಟ್ಟೆ. ಮಿರಿಯಂ ನಡುಗುವ ಸ್ವರದಲ್ಲಿ ಹೇಳಿ ಮುಗಿಸಿದರು. ಹಿಂದೆ ನಿಂತಿದ್ದ ನನ್ನ ಹೆಂಡತಿ ಆಗ ಕೇಳಿದಳು: “ರೀ, ಆ ಹತ್ತರಲ್ಲಿ ನೀವೂ ಸೇರಿದೀರಲ್ವಾ?”

ಕ್ಯಾಮೆರಾ ಆರಿಸಿಕೊಂಡು ಕೂತಿದ್ದ ಹತ್ತನೆಯವನು ನಾನೇ! ಗಂಡನಿಗಾಗಿ ಮಿರಿಯಂ ಹೇಳಿದ್ದು ಸಲ್ಲಲೇ ಇಲ್ಲ. ಹಿತ್ತಿಲಿಗೆ ಓಡಿ, ಬೇಲಿಯ ಬಳಿ ಅವರನ್ನು ಕರೆದು ತಪ್ಪೊಪ್ಪಿಕೊಂಡೆ. ಬೈಯುತ್ತಾರೆ ಎಂದುಕೊಂಡಿದ್ದೆ. ಮಿರಿಯಂ ಕೇಳಿದ್ದು ಇಷ್ಟೇ: “ಹಾಗಾದ್ರೆ ಯಾರು ಬಂದಿಲ್ಲ?”

ಬಾರದಿದ್ದವರು ಬಳಗದಲ್ಲಿದ್ದ ಗಾಲ್ವೇ ಊರಿನ ಲೂಯಿ, ಒಂಟಿ ಮುದುಕ. ಮಿರಿಯಂ ಅಲ್ಲೇ ನಿಂತು ಫೋನು ಮಾಡಿ ಸ್ಪೀಕರಿಗೆ ಹಾಕಿದರು. ಮೊದಲು ಕೆಮ್ಮು ಕೇಳಿತು, ಆಮೇಲೆ “ಐಯಾಮ್ ಗ್ರ್ಯಾಂಡ್”, ಎಂದರೆ ಚೆನ್ನಾಗಿದ್ದೇನೆ, ಎಂಬ ಮಾತು. ಈ ದೇಶದಲ್ಲಿ ಉಸಿರು ನಿಲ್ಲುವವರೆಗೂ ಎಲ್ಲರೂ ಗ್ರ್ಯಾಂಡೇ. ಕೆದಕಿದ ಮೇಲೆ ತಿಳಿಯಿತು: ಜ್ವರ ಬಂದು ಹತ್ತು ದಿನ, ಎದ್ದು ಬ್ರೆಡ್ಡು ಸುಡಲೂ ಆಗುತ್ತಿಲ್ಲ.

“ಹೋದ ಶುಕ್ರವಾರವೂ ಕಾದೆ” ಎಂದರು ಲೂಯಿ. “ಯಾರೂ ಫೋನ್ ಮಾಡ್ಲಿಲ್ಲ. ರಬ್ಬಿ ಇದ್ದಿದ್ರೆ ಹತ್ತು ನಿಮಿಷದಲ್ಲಿ ಫೋನ್ ಬರ್ತಿತ್ತು.”

ಹೋದ ಶುಕ್ರವಾರವೂ ಹತ್ತಿದೆ ಎಂದು ಸಾರಿದವನು ನಾನೇ. ಅಷ್ಟು ನಾಚಿಕೆ ನನಗೆ ಬೇರೆಂದೂ ಆಗಿಲ್ಲ. ಮಿರಿಯಂ ಆ ಸಂಜೆಯೇ ಡಾಕ್ಟರನ್ನು ಕಳಿಸಿದರು. ಲೂಯಿ ಎದ್ದು ಕೂರುವಂತಾದ ಮೇಲೆ ಪ್ರಾರ್ಥನೆಯನ್ನು ಮೊದಲಿಂದ ಹೇಳಿದರು. ದಿನ ತಪ್ಪಿತಲ್ಲ ಎಂದು ನಾನು ಪೇಚಾಡಿದರೆ, “ಇರಲಿ ಬಿಡು. ತಡವಾಗಿ ಬರೋರಿಗೆ ಕಾದು ನನ್ನ ಗಂಡನಿಗೆ ಅಭ್ಯಾಸ ಇದೆ” ಎಂದರು.

ಈ ಚಳಿಗಾಲ ಬಳಗ ಮತ್ತೆ ನಡುಮನೆಗೆ ಮರಳಿದೆ. ನನ್ನ ಕಾಯಿಲೆಯನ್ನು ನಾನು ಮಿರಿಯಂಗೆ ಹೇಳಿಲ್ಲ. ಆ ವಯಸ್ಸಿನಲ್ಲಿ ಅವರಿಗೇಕೆ ಗಾಬರಿ? ಇಂದು ಸೂಪಿನ ವಾಸನೆ ಬಂದ ಮೇಲೆ ಕಾರಿನ ಬಾಗಿಲುಗಳು ಬಡಿದ ಸದ್ದು ಕೇಳಿತು. ಗೋಡೆಯಾಚೆ ಲೂಯಿಯ ದೊಡ್ಡ ದನಿಯೂ ಕೇಳಿತು. ಹಾಡು ಮಾತ್ರ ಶುರುವಾಗಲಿಲ್ಲ. ಅಷ್ಟರಲ್ಲಿ ಮಿರಿಯಂ ಫೋನು ಮಾಡಿದರು.

“ಯಾಕೆ, ಇನ್ನೂ ಹತ್ತು ಜನ ಆಗಿಲ್ವಾ?” ಎಂದೆ.

“ನಮ್ಮೋರೆಲ್ಲ ಬಂದು ಅರ್ಧ ಗಂಟೆ ಆಯ್ತು. ನೀನು ಬಂದಿಲ್ಲ.”

ಕೋವಿಡ್ ಎಂದು ಹೇಳಲು ಬಾಯಿ ತೆರೆದೆ. ಮೊದಲು ಕೆಮ್ಮು ಬಂತು, ಆಮೇಲೆ “ಐಯಾಮ್ ಗ್ರ್ಯಾಂಡ್” ಎಂಬ ಮಾತು.